ಎರಡು ಚುಕ್ಕಾಣಿಗೆ ಒಂದೇ ಸ್ಟೀರಿಂಗ್: ನಡುವೆ ಟೈ ರಾಡ್ ಬೇಕಾ, ಎಣ್ಣೆ ಪೈಪ್ ಸಾಕಾ?

ಶರಾವತಿ ದಡ | ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಹೊನ್ನಾವರದಲ್ಲಿ ನಾನು, ನನ್ನ ಅಣ್ಣ ಸೇರಿ ಒಂದು ಜೋಡಿ ಒಡಲಿನ ಬೋಟ್ ಕಟ್ಟಿಸುತ್ತಿದ್ದೇವೆ. ಫೈಬರ್ ಬೋಟು, 11 ಮೀಟರ್ ಉದ್ದ. ಶರಾವತಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬದಿಗೆ ಪ್ರವಾಸಿಗರನ್ನು ಸುತ್ತಾಡಿಸುವುದಕ್ಕೆ. ಪ್ರತಿ ಒಡಲಲ್ಲೂ ಒಂದು ಡೀಸೆಲ್ ಎಂಜಿನ್, ಒಂದು ಫ್ಯಾನು (ಪ್ರೊಪೆಲ್ಲರ್), ಅದರ ಹಿಂದೆ ಒಂದು ಚುಕ್ಕಾಣಿ. ಎರಡು ಚುಕ್ಕಾಣಿ ಶಾಫ್ಟ್‌ಗಳ ನಡುವೆ 3.2 ಮೀಟರ್ ಅಂತರ. ವೇಗ 8 ನಾಟ್ ಬಂದರೆ ನಮಗೆ ಸಾಕು.

ಅಪ್ಪನ ಮೀನಿನ ಬೋಟಲ್ಲಿ ಒಂದೇ ಚುಕ್ಕಾಣಿ. ಚೈನು, ವಯರ್ ರೋಪು, ಅಷ್ಟೇ. ಅದನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತೇನೆ. ಈ ಹೊಸ ಬೋಟಿಗೆ ಹೈಡ್ರಾಲಿಕ್ ಸ್ಟೀರಿಂಗ್. ಕಟ್ಟುತ್ತಿರುವವರು ಹೇಳುವುದು ಹೀಗೆ: ಎರಡು ಚುಕ್ಕಾಣಿಗೂ ಒಂದೊಂದು ಸಿಲಿಂಡರ್ ಹಾಕಿ, ಒಂದೇ ಪಂಪಿನಿಂದ ಎಣ್ಣೆ ಕೊಟ್ಟರೆ ಎರಡೂ ಒಟ್ಟಿಗೆ ತಿರುಗುತ್ತವೆ, ನಡುವೆ ಎರಡನ್ನೂ ಜೋಡಿಸುವ ಟೈ ರಾಡ್ ಬೇಡ. ರಾಡ್ ಹಾಕಿದರೆ ನೀರಿನ ಟ್ಯಾಂಕ್ ಸರಿಸಬೇಕು. ಅಣ್ಣನಿಗೆ ಮಾತ್ರ ರಾಡ್ ಬೇಕೇ ಬೇಕು. ಮನೆಯಲ್ಲಿ ಎರಡು ವಾರದಿಂದ ಇದೇ ಮಾತು. ಡೆಕ್ ಮುಚ್ಚುವ ಮೊದಲು ತೀರ್ಮಾನ ಆಗಬೇಕು. ತಿಳಿದವರು ದಯವಿಟ್ಟು ಹೇಳಿ.

ಎಂಜಿನ್ ರೂಮ್ | ಭಾನುವಾರ, ರಾತ್ರಿ 11.05

ನಿಮ್ಮ ಅಣ್ಣ ಹೇಳುವುದೇ ಸರಿ. ಟ್ಯಾಂಕ್ ಸರಿಸಿ, ರಾಡ್ ಹಾಕಿ.

ಕಾರಣ ಹೇಳುತ್ತೇನೆ. ಒಂದೇ ಪಂಪಿನಿಂದ ಎರಡು ಸಿಲಿಂಡರಿಗೆ ಸಮಾನಾಂತರವಾಗಿ ಎಣ್ಣೆ ಕೊಟ್ಟರೆ, ಎಣ್ಣೆ ಯಾವ ಕಡೆ ಸಲೀಸೋ ಆ ಕಡೆ ಮೊದಲು ಹೋಗುತ್ತದೆ. ಎರಡು ಚುಕ್ಕಾಣಿ ಯಾವತ್ತೂ ಒಂದೇ ಹದಕ್ಕೆ ತಿರುಗುವುದಿಲ್ಲ. ಒಂದರ ಗ್ಲಾಂಡ್ (ಶಾಫ್ಟಿನ ಸುತ್ತ ನೀರು ತಡೆಯುವ ಭಾಗ) ಸ್ವಲ್ಪ ಬಿಗಿ, ಇನ್ನೊಂದು ಸಡಿಲ. ತಿರುವಿನಲ್ಲಿ ಒಂದಕ್ಕೆ ನೀರಿನ ಒತ್ತಡ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಹಾಗಾಗಿ ಸಡಿಲ ಇರುವುದು ಪೂರ್ತಿ ತಿರುಗಿ ತುದಿ ಮುಟ್ಟಿದ ಮೇಲೆ ಬಿಗಿ ಇರುವುದು ಹೊರಡುತ್ತದೆ. ನೀವು ಚಕ್ರ ನೇರ ಇಟ್ಟಿದ್ದೀರಿ ಅಂದುಕೊಳ್ಳಿ. ಕೆಳಗೆ ಒಂದು 8 ಡಿಗ್ರಿ ಎಡಕ್ಕೆ, ಇನ್ನೊಂದು 8 ಡಿಗ್ರಿ ಬಲಕ್ಕೆ ನಿಂತಿರಬಹುದು. ಬೋಟ್ ನೇರವೇ ಹೋಗುತ್ತದೆ, ಡೀಸೆಲ್ ಮಾತ್ರ ಸುಮ್ನೆ ಸುಡುತ್ತದೆ.

ಇನ್ನೊಂದು ದಾರಿ, ಒಂದರ ಹಿಂದೆ ಒಂದು ಸಿಲಿಂಡರ್. ಮೊದಲನೆಯದರಿಂದ ಹೊರಬಂದ ಎಣ್ಣೆ ಎರಡನೆಯದಕ್ಕೆ ಹೋಗುತ್ತದೆ. ಇದಕ್ಕೆ ಎರಡೂ ಬದಿ ರಾಡ್ ಇರುವ ಸಮತೂಕದ ಸಿಲಿಂಡರೇ ಬೇಕು. ಹೊಸತರಲ್ಲಿ ಚೆನ್ನಾಗಿ ನಡೆಯುತ್ತದೆ. ಆಮೇಲೆ ಸೀಲ್ ದಾಟಿ ಎಣ್ಣೆ ಸ್ವಲ್ಪ ಸ್ವಲ್ಪ ನುಸುಳಲು ಶುರುವಾದರೆ ಚುಕ್ಕಾಣಿಗಳು ದಿನಕ್ಕಿಷ್ಟು ಅಂತ ಬೇರೆ ಬೇರೆ ದಿಕ್ಕು ಹಿಡಿಯುತ್ತವೆ. ಮತ್ತೆ ಸಾಲಿಗೆ ತರಲು ಬೇರೆ ವಾಲ್ವ್ ಇಡಬೇಕು, ಅದನ್ನು ಯಾರಾದರೂ ನೆನಪಿಟ್ಟು ತೆರೆಯಬೇಕು.

ಕಬ್ಬಿಣದ ರಾಡ್‌ಗೆ ಇದೆಲ್ಲ ಇಲ್ಲ. ಒಂದು ತಿರುಗಿದರೆ ಇನ್ನೊಂದು ತಿರುಗಲೇಬೇಕು. ರಾಡ್ ಇದ್ದ ಮೇಲೆ ಸಿಲಿಂಡರ್ ಒಂದೇ ಹಾಕಿ, ಎರಡು ಹಾಕಿ, ಅದು ನಂತರದ ಮಾತು.

ಬೆಂಗ್ರೆ ತಾಂಡೇಲ | ಸೋಮವಾರ, ಬೆಳಿಗ್ಗೆ 5.50

ರಾಡ್ ಹಾಕಿ ಮಾರಾಯ್ರೆ. ಆದರೆ ರಾಡ್ ಇರುವ ಜಾಗಕ್ಕೆ ಕೈ ಹೋಗುವ ಹಾಗೆ ಮುಚ್ಚಳ ಇಡಿ, ಎರಡೂ ತುದಿಗೆ. ಕಣ್ಣಿಗೆ ಕಾಣದ ಜಾಯಿಂಟಿಗೆ ಯಾರೂ ಗ್ರೀಸ್ ಹಾಕುವುದಿಲ್ಲ.

ಕುಮಟಾ ಲೇತ್ | ಸೋಮವಾರ, ಬೆಳಿಗ್ಗೆ 10.15

ನನಗೆ ಬೋಟಿಗಿಂತ ಲಾರಿ ಕೆಲಸ ಜಾಸ್ತಿ ಗೊತ್ತು. ಆದರೆ ನೀವು ಕೇಳುತ್ತಿರುವುದು ಲಾರಿಯ ಮುಂದಿನ ಎರಡು ಚಕ್ರದ ಕಥೆಯೇ. ಸ್ಟೀರಿಂಗ್ ಬಾಕ್ಸ್ ಒಂದು ಚಕ್ರವನ್ನು ಎಳೆಯುತ್ತದೆ, ಟೈ ರಾಡ್ ಇನ್ನೊಂದನ್ನು ತರುತ್ತದೆ.

ನಮ್ಮಲ್ಲಿ ಮಾಡುವ ಹಾಗೆ ಮಾಡಿ. ಪೈಪಿನ ಒಂದು ತುದಿಗೆ ಬಲ ಮರೆ (ಥ್ರೆಡ್), ಇನ್ನೊಂದು ತುದಿಗೆ ಎಡ ಮರೆ ಕೊಯ್ಯಿಸಿ. ಎರಡೂ ಕಡೆ ಟೈ ರಾಡ್ ಎಂಡ್, ಚೆಕ್ ನಟ್. ಆಮೇಲೆ ಏನನ್ನೂ ಬಿಚ್ಚಬೇಕಿಲ್ಲ. ಎರಡು ಚೆಕ್ ನಟ್ ಸಡಿಲಿಸಿ, ಪೈಪ್ ರೆಂಚಿನಿಂದ ನಡುವಿನ ಪೈಪ್ ತಿರುಗಿಸಿದರೆ ಉದ್ದ ಹೆಚ್ಚುತ್ತದೆ ಅಥವಾ ಕಡಿಮೆ ಆಗುತ್ತದೆ. ಎರಡು ಚುಕ್ಕಾಣಿಯನ್ನು ಸಾಲಿಗೆ ತರಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಬಾಲ್ ಜಾಯಿಂಟ್ ಇರುವ ಎಂಡೇ ಬೇಕು, ಬರೀ ಬೋಲ್ಟ್ ಹಾಕಿದರೆ ಆಗುವುದಿಲ್ಲ. ಅಲೆಯಲ್ಲಿ ಒಂದು ಒಡಲು ಏಳುವಾಗ ಇನ್ನೊಂದು ಇಳಿಯುತ್ತದೆ, ಅಲ್ವಾ? ಆ ಬಳುಕನ್ನು ಜಾಯಿಂಟ್ ನುಂಗಿಕೊಳ್ಳಬೇಕು. ಇಲ್ಲದಿದ್ದರೆ ಮರೆ ಇರುವ ಕತ್ತಿನಲ್ಲಿ ರಾಡ್ ಮುರಿಯುತ್ತದೆ.

ಶರಾವತಿ ದಡ | ಸೋಮವಾರ, ಸಂಜೆ 7.20

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣನಿಗೆ ಓದಿ ಹೇಳಿದೆ. ಅವನು ಹೋದ ವಾರವೇ 20 ಮಿಲಿಮೀಟರ್ ದಪ್ಪದ ಗಟ್ಟಿ ಸ್ಟೀಲ್ ರಾಡ್ ತಂದು ಶೆಡ್ಡಲ್ಲಿ ಇಟ್ಟಿದ್ದಾನಂತೆ, ಎಸ್‌ಎಸ್ 316, ಹೊಳೆಯುತ್ತಿದೆ. ಪೈಪ್ ಯಾಕೆ? ಒಳಗೆ ಟೊಳ್ಳು ಇರುವುದಕ್ಕಿಂತ ಗಟ್ಟಿ ರಾಡೇ ಬಲ ಅಲ್ವಾ?

ಸೇತುವೆ ಕೆಲಸ | ಸೋಮವಾರ, ರಾತ್ರಿ 10.30

ಇದಕ್ಕೆ ನಾನು ಉತ್ತರಿಸುತ್ತೇನೆ, ನನ್ನ ದಿನದ ಕೆಲಸವೇ ಇದು.

ಎಳೆಯುವಾಗ ಗಟ್ಟಿ ರಾಡು, ಪೈಪು ಎರಡೂ ಒಂದೇ. ಆದರೆ ಟೈ ರಾಡ್ ಬರೀ ಎಳೆಯುವುದಿಲ್ಲ. ಒಂದು ಬದಿಗೆ ತಿರುಗಿಸುವಾಗ ಎಳೆದರೆ, ಇನ್ನೊಂದು ಬದಿಗೆ ತಳ್ಳುತ್ತದೆ. ಉದ್ದನೆ ಕಡ್ಡಿಯನ್ನು ತುದಿಯಿಂದ ತಳ್ಳಿದರೆ ಅದು ನಡುವಲ್ಲಿ ಬಾಗಿ ಹೊರಗೆ ಹೋಗುತ್ತದೆ. ಪೊರಕೆ ಕಡ್ಡಿಯನ್ನು ನೆಲಕ್ಕೆ ಒತ್ತಿ ನೋಡಿ, ಗೊತ್ತಾಗುತ್ತದೆ. ಎಷ್ಟು ಬಲಕ್ಕೆ ಬಾಗುತ್ತದೆ ಅನ್ನುವುದಕ್ಕೆ ಆಯ್ಲರ್ ಸೂತ್ರ ಇದೆ. ನಿಮ್ಮ 3.2 ಮೀಟರಿಗೆ ಹಾಕಿ ನೋಡಿದೆ.

20 ಮಿಲಿಮೀಟರ್ ಗಟ್ಟಿ ರಾಡ್: ಸುಮಾರು 1,460 ನ್ಯೂಟನ್‌ಗೆ ಬಾಗುತ್ತದೆ. ಅಂದರೆ 150 ಕೆಜಿ ತೂಕದಷ್ಟು ತಳ್ಳು. ರಾಡಿನ ತೂಕ 8 ಕೆಜಿ.

ಒಂದಿಂಚಿನ ಶೆಡ್ಯೂಲ್ 40 ಪೈಪ್, ಹೊರಗಿನ ಅಳತೆ 33.4 ಮಿಲಿಮೀಟರ್: ಸುಮಾರು 6,760 ನ್ಯೂಟನ್. ಅಂದರೆ 690 ಕೆಜಿ ತೂಕದಷ್ಟು. ಪೈಪಿನ ತೂಕವೂ ಹೆಚ್ಚುಕಡಿಮೆ ಅದೇ 8 ಕೆಜಿ.

ಅದೇ ಲೋಹ, ಅದೇ ತೂಕ, ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ ಬಲ. ಲೋಹ ನಡುವಿನಿಂದ ಎಷ್ಟು ದೂರ ಇದ್ದರೆ ಅಷ್ಟು ಬಾಗುವುದಿಲ್ಲ. ಬಿದಿರು ಟೊಳ್ಳಾಗಿದ್ದೂ ಗಟ್ಟಿ ನಿಲ್ಲುವುದು ಇದಕ್ಕೇ.

ಇನ್ನೊಂದು ಮಾತು. ಪೈಪ್ ನೇರ ಇರಬೇಕು. ಟ್ಯಾಂಕ್ ತಪ್ಪಿಸಲು ನಡುವೆ ಒಂದು ಸೊಂಟ ಬಗ್ಗಿಸಿದರೆ ಈ ಲೆಕ್ಕ ಪೂರ್ತಿ ಬಿದ್ದುಹೋಗುತ್ತದೆ. ಬಗ್ಗಿದ ಪೈಪ್ ಸ್ಪ್ರಿಂಗ್ ಥರ ಕೆಲಸ ಮಾಡುತ್ತದೆ.

ಎಂಜಿನ್ ರೂಮ್ | ಮಂಗಳವಾರ, ಬೆಳಿಗ್ಗೆ 8.00

ತುಂಬಾ ಒಳ್ಳೆಯ ಲೆಕ್ಕ. ಎದುರಿನ ಲೆಕ್ಕವನ್ನು ನಾನು ಸೇರಿಸುತ್ತೇನೆ. ಚುಕ್ಕಾಣಿ ಹಲಗೆ 0.25 ಚದರ ಮೀಟರ್ ಅಂದುಕೊಂಡರೆ, 8 ನಾಟ್ ವೇಗದಲ್ಲಿ ಪೂರ್ತಿ ತಿರುಗಿಸಿದಾಗ ಅದರ ಮೇಲೆ ಸುಮಾರು 2,200 ನ್ಯೂಟನ್ ಬೀಳುತ್ತದೆ. ಹಲಗೆಯ ಸ್ವಲ್ಪ ಭಾಗ ಶಾಫ್ಟಿನ ಮುಂದೆ ಇರುತ್ತದಲ್ಲ, ಅದರಿಂದ ತಿರುಚು ಬಲ ಕಡಿಮೆಯಾಗುತ್ತದೆ. ಶಾಫ್ಟಿಗೆ ಕೂರಿಸಿ ರಾಡ್ ಜೋಡಿಸುವ 250 ಮಿಲಿಮೀಟರಿನ ತೋಳಿಗೆ ಕೊನೆಗೆ ಬರುವುದು 700 ನ್ಯೂಟನ್ ಆಸುಪಾಸು. ಹಾಗಾದರೆ ಗಟ್ಟಿ ರಾಡೂ ಸಾಕಲ್ಲ ಅಂತ ಅನ್ನಿಸಬಹುದು. ಫ್ಯಾನಿನ ನೀರು ಜೋರಾಗಿ ಬಡಿದಾಗ, ಮರಳ ದಿಬ್ಬಕ್ಕೆ ಚುಕ್ಕಾಣಿ ತಾಗಿದಾಗ ಇದು ಎಷ್ಟೋ ಪಟ್ಟು ಆಗುತ್ತದೆ. ನಿಮ್ಮ ಹೊಳೆಯಲ್ಲಿ ಮರಳಿಗೆ ಏನೂ ಕಮ್ಮಿ ಇಲ್ಲ. ಪೈಪೇ ಹಾಕಿ.

ರಿವರ್ಸ್ ಹೋಗುವಾಗ ಎಚ್ಚರ. ಆಗ ಹಲಗೆಯ ಹಿಂದಿನ ಅಂಚು ಮುಂದಾಗುತ್ತದೆ, ನೀರು ಅದನ್ನು ಹಿಡಿದು ಪಟ್ಟನೆ ಒಂದು ಬದಿಗೆ ಎಸೆಯುತ್ತದೆ. ಆ ಹೊಡೆತವನ್ನು ಸಿಲಿಂಡರಿನ ತುದಿ ತಡೆಯಬಾರದು. 35 ಡಿಗ್ರಿಗೆ ಎರಡೂ ತೋಳಿಗೆ ಗಟ್ಟಿ ಸ್ಟಾಪರ್ ಇಡಿಸಿ, ಒಡಲಿಗೆ ಸೇರಿಸಿ ಲ್ಯಾಮಿನೇಟ್ ಮಾಡಿಸಿ.

ಹಾಯಿ ಪರ್ತ್ | ಮಂಗಳವಾರ, ಮಧ್ಯಾಹ್ನ 12.45

ಆಸ್ಟ್ರೇಲಿಯಾದ ಪರ್ತ್‌ನಿಂದ ಬರೆಯುತ್ತಿದ್ದೇನೆ, ಊರು ಸಾಗರ. ಇಲ್ಲಿ ಸ್ವಾನ್ ನದಿಯಲ್ಲಿ ಹೋಬಿ 16 ಓಡಿಸುತ್ತೇನೆ. ಅದು ಎರಡು ಒಡಲಿನ ಪುಟ್ಟ ಹಾಯಿದೋಣಿ, ಐದು ಮೀಟರಿಗೆ ಸ್ವಲ್ಪ ಜಾಸ್ತಿ. ಅದರಲ್ಲೂ ಎರಡು ಚುಕ್ಕಾಣಿ, ನಡುವೆ ಅಲ್ಯೂಮಿನಿಯಂ ಕೊಳವೆ. ಕೊಳವೆ ತುದಿಯಲ್ಲಿ ಉದ್ದ ಹೊಂದಿಸಿಕೊಳ್ಳುವ ವ್ಯವಸ್ಥೆ ಇದೆ.

ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಸಮುದ್ರದಿಂದ ಜೋರು ಗಾಳಿ ಬರುತ್ತದೆ, ಫ್ರೀಮ್ಯಾಂಟಲ್ ಡಾಕ್ಟರ್ ಅನ್ನುತ್ತಾರೆ. ಹೋದ ವರ್ಷ ಆ ಗಾಳಿಯಲ್ಲಿ ನನ್ನ ದೋಣಿ ಗುಂಯ್ ಅಂತ ಹಾಡಲು ಶುರು ಮಾಡಿತು. ಹಿಡಿಕೆಯಲ್ಲಿ ಬೆರಳು ಜುಮ್ಮೆನ್ನುವಷ್ಟು ನಡುಕ. ದಡಕ್ಕೆ ತಂದು ಅಳೆದೆ. ಎರಡು ಚುಕ್ಕಾಣಿಯ ಮುಂದಿನ ಅಂಚುಗಳ ನಡುವಿನ ಅಂತರಕ್ಕೂ ಹಿಂದಿನ ಅಂಚುಗಳ ನಡುವಿನ ಅಂತರಕ್ಕೂ ಒಂದು ಬೆರಳು ದಪ್ಪ ವ್ಯತ್ಯಾಸ ಇತ್ತು. ಕೊಳವೆಯ ಉದ್ದ ಸರಿ ಮಾಡಿ, ಸವೆದ ಬುಶ್ ಬದಲಿಸಿದೆ. ಹಾಡು ನಿಂತಿತು.

ನಿಮ್ಮ ಬೋಟನ್ನು ನೀರಿಗಿಳಿಸುವ ಮೊದಲೇ ಇದನ್ನು ಅಳೆಯಿರಿ. ಎರಡೂ ಹಲಗೆಗೆ ಒಂದೇ ಎತ್ತರದಲ್ಲಿ ಗುರುತು ಹಾಕಿ, ಮುಂದಿನ ಅಂಚು ಒಂದು ಸಲ, ಹಿಂದಿನ ಅಂಚು ಒಂದು ಸಲ. ಹಲಗೆಯ ಅಗಲ 500 ಮಿಲಿಮೀಟರ್ ಇದ್ದರೆ, ಒಂದು ಚುಕ್ಕಾಣಿ ಒಂದು ಡಿಗ್ರಿ ತಪ್ಪಿದರೂ ಸುಮಾರು 9 ಮಿಲಿಮೀಟರ್ ವ್ಯತ್ಯಾಸ ಕಾಣುತ್ತದೆ. ಟೇಪಿನಲ್ಲೇ ಹಿಡಿಯಬಹುದು.

ಇನ್ನೊಂದು ಪ್ರಶ್ನೆ. ಎರಡು ತೋಳೂ ನೇರ ಮುಂದಕ್ಕೆ ಇವೆಯಾ? ತಿರುವಿನಲ್ಲಿ ಒಳಗಿನ ಒಡಲು ಸಣ್ಣ ವೃತ್ತದಲ್ಲಿ ಹೋಗುತ್ತದೆ, ಹೊರಗಿನದು ದೊಡ್ಡ ವೃತ್ತದಲ್ಲಿ. ಹಾಗಾದರೆ ಒಳಗಿನ ಚುಕ್ಕಾಣಿ ಜಾಸ್ತಿ ತಿರುಗಬೇಕಲ್ಲ?

ಕುಮಟಾ ಲೇತ್ | ಮಂಗಳವಾರ, ಮಧ್ಯಾಹ್ನ 2.10

ಅದೇ ಆಕರ್ಮನ್! ಲಾರಿಯಲ್ಲಿ ಅದು ಇಲ್ಲದಿದ್ದರೆ ಟೈರ್ ಉಳಿಯುವುದಿಲ್ಲ. ಬೋಟಿಗೂ ಬೇಕಾಗುತ್ತದೆ ಅಂತ ನಾನು ಯೋಚಿಸಿರಲಿಲ್ಲ.

ಸೇತುವೆ ಕೆಲಸ | ಮಂಗಳವಾರ, ರಾತ್ರಿ 9.15

ಈ ವ್ಯವಸ್ಥೆ ಮಾಡಿದ್ದು ಮ್ಯೂನಿಕ್‌ನಲ್ಲಿ ಕುದುರೆಗಾಡಿ ಕಟ್ಟುತ್ತಿದ್ದ ಲ್ಯಾಂಕೆನ್‌ಸ್ಪರ್ಗರ್, 1817ರಲ್ಲಿ. ಮುಂದಿನ ವರ್ಷ ಇಂಗ್ಲೆಂಡಲ್ಲಿ ಆಕರ್ಮನ್ ಪೇಟೆಂಟ್ ಪಡೆದರು, ಹೆಸರು ಅವರದ್ದೇ ಉಳಿಯಿತು. ಮಾಡಿದವನ ಹೆಸರೂ ಹೇಳಬೇಕು ಅನ್ನಿಸುತ್ತದೆ.

ಶರಾವತಿ ದಡ ಅವರ ಬೋಟಿಗೆ ಲೆಕ್ಕ ಹಾಕಿದೆ. ಬೋಟ್ ಮುಂದೆ ಹೋಗುತ್ತಾ ತಿರುಗುವಾಗ ನಡುವಿಗಿಂತ ಸ್ವಲ್ಪ ಮುಂದಿರುವ ಒಂದು ಬಿಂದುವಿನ ಸುತ್ತ ತಿರುಗುತ್ತದೆ. ಆ ಬಿಂದು ಚುಕ್ಕಾಣಿಯಿಂದ 6 ಮೀಟರ್ ಮುಂದಿದೆ ಅಂದುಕೊಳ್ಳೋಣ.

12 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ ನೀರಿನ ಹರಿವು ಒಳಗಿನ ಚುಕ್ಕಾಣಿಗೆ 30 ಡಿಗ್ರಿ, ಹೊರಗಿನದಕ್ಕೆ 24 ಡಿಗ್ರಿ ಓರೆಯಾಗಿ ಬರುತ್ತದೆ. ಆರು ಡಿಗ್ರಿ ವ್ಯತ್ಯಾಸ. ಅದೇ 30 ಮೀಟರ್ ತ್ರಿಜ್ಯ ಆದರೆ 12 ಮತ್ತು 11 ಡಿಗ್ರಿ ಹತ್ತಿರ, ಬರೀ ಒಂದು ಡಿಗ್ರಿ ಚಿಲ್ಲರೆ. ಹಾಗಾಗಿ ಹೊಳೆಯಲ್ಲಿ ನೇರ ಹೋಗುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಜೆಟ್ಟಿ ಹತ್ತಿರ, ಕಾಂಡ್ಲಾ ನಡುವಿನ ಸಣ್ಣ ಕವಲಲ್ಲಿ ತಿರುಗಿಸುವಾಗ ಬರುತ್ತದೆ.

ಮಾಡುವುದು ಸುಲಭ. ತೋಳುಗಳು ಶಾಫ್ಟಿನಿಂದ ಮುಂದಕ್ಕೆ ಚಾಚಿದ್ದರೆ, ಎರಡನ್ನೂ ಸುಮಾರು 15 ಡಿಗ್ರಿ ಒಳಕ್ಕೆ ಓರೆ ಮಾಡಿ ಕೂರಿಸಿ. ಎರಡೂ ತೋಳಿನ ಗೆರೆ ಮುಂದಕ್ಕೆ ಎಳೆದರೆ ಆ 6 ಮೀಟರ್ ಬಿಂದುವಿನಲ್ಲಿ ಸೇರಬೇಕು. ಆಗ ಟೈ ರಾಡ್ 3.2 ಮೀಟರ್ ಇರುವುದಿಲ್ಲ, 3.07 ಮೀಟರ್ ಆಗುತ್ತದೆ. ತೋಳು ಹಿಂದಕ್ಕೆ ಚಾಚಿದ್ದರೆ ಎಲ್ಲ ಉಲ್ಟಾ, ಹೊರಕ್ಕೆ ಓರೆ ಮಾಡಬೇಕು, ರಾಡ್ ಉದ್ದ ಆಗುತ್ತದೆ. ಇದನ್ನು ತಪ್ಪು ಮಾಡಿದರೆ ಹೊರಗಿನ ಚುಕ್ಕಾಣಿ ಜಾಸ್ತಿ ತಿರುಗಿ, ಏನೂ ಮಾಡದೇ ಇದ್ದುದಕ್ಕಿಂತ ಕೆಟ್ಟದಾಗುತ್ತದೆ.

ಈ ಓರೆ ಹಾಕಿದಾಗ ಒಳಗಿನದು 30 ಡಿಗ್ರಿ ತಿರುಗಿದರೆ ಹೊರಗಿನದು 26 ತಿರುಗುತ್ತದೆ. ಬೇಕಿದ್ದ 24ಕ್ಕೆ ಸರಿಯಾಗಿ ಕೂರುವುದಿಲ್ಲ. ಅಷ್ಟು ಸಾಕು.

ಎಂಜಿನ್ ರೂಮ್ | ಬುಧವಾರ, ಬೆಳಿಗ್ಗೆ 7.30

ಒಂದು ಎಚ್ಚರಿಕೆ. ಹೀಗೆ ಮಾಡಿದರೆ ಒಳಗಿನ ಚುಕ್ಕಾಣಿ 35 ಡಿಗ್ರಿಗೆ ಸ್ಟಾಪರ್ ಮುಟ್ಟುವಾಗ ಹೊರಗಿನದು 29 ಆಸುಪಾಸಿನಲ್ಲಿ ಇರುತ್ತದೆ. ಅಂದರೆ ಒಂದೊಂದು ಚುಕ್ಕಾಣಿಯೂ ತನ್ನ ಬದಿಗೆ 35, ಎದುರು ಬದಿಗೆ 29 ಅಷ್ಟೇ ತಿರುಗುತ್ತದೆ. ಸಿಲಿಂಡರ್ ಬರೀ ಎಡ ಚುಕ್ಕಾಣಿಗೆ ಇದ್ದರೆ, ಎಡಕ್ಕೆ ತಿರುಗಿಸಲು ಚಕ್ರ ಜಾಸ್ತಿ ಸುತ್ತಬೇಕು, ಬಲಕ್ಕೆ ಕಡಿಮೆ. ಕೈಗೆ ಅದು ಗೊತ್ತಾಗುತ್ತದೆ. ಸಿಲಿಂಡರಿಗೆ ಟೈ ರಾಡಿನ ತೋಳನ್ನೇ ಬಳಸಬೇಡಿ. ನೇರ ನಿಂತ ಬೇರೆ ತೋಳು ಮಾಡಿಸಿ. ಅದೂ 250 ಮಿಲಿಮೀಟರ್ ಇದ್ದರೆ ಒಟ್ಟು ಓಡಾಟ ಸುಮಾರು 265 ಮಿಲಿಮೀಟರ್ ಬರುತ್ತದೆ. ಸಿಲಿಂಡರಿನ ನಡುವನ್ನು 35 ಡಿಗ್ರಿ ತಿರುಗುವ ಕಡೆಗೆ ಸ್ವಲ್ಪ ಸರಿಸಿ ಕೂರಿಸಬೇಕು.

ಮಾಂಡೋವಿ ದಾರಿ | ಬುಧವಾರ, ರಾತ್ರಿ 8.50

ಎಲ್ಲರೂ ಒಳ್ಳೆಯದನ್ನೇ ಬರೆದಿದ್ದಾರೆ. ಆದರೆ ರಾಡ್ ಹೇಗೆ ಬಿಚ್ಚಬೇಕು ಅಂತ ಯಾರೂ ಹೇಳಿಲ್ಲ. ನಾನು ಕಾರವಾರದವನು, ಆರು ವರ್ಷ ಗೋವಾದಲ್ಲಿ ಒಂದು ಜೋಡಿ ಒಡಲಿನ ಬೋಟಲ್ಲಿ ಎಂಜಿನ್ ನೋಡಿಕೊಂಡಿದ್ದೆ. ಒಂದು ಸಂಜೆ ನಡೆದದ್ದನ್ನು ಹೇಳುತ್ತೇನೆ.

ಇಳಿತದ ಹೊತ್ತು, ನೀರು ಸಮುದ್ರದ ಕಡೆ ಜೋರಾಗಿ ಎಳೆಯುತ್ತಿತ್ತು. ಬೋಟಲ್ಲಿ ಇದ್ದದ್ದು ನಾವು ನಾಲ್ಕೇ ಜನ. ಎಡ ಚುಕ್ಕಾಣಿ ಮತ್ತು ಒಡಲಿನ ಸಂದಿಗೆ ತೇಲಿ ಬಂದ ಹಗ್ಗ ಸಿಕ್ಕಿಕೊಂಡಿತು. ಹಳೇ ಬಲೆಯ ಹಗ್ಗ, ಹೆಬ್ಬೆರಳು ದಪ್ಪ. ಚುಕ್ಕಾಣಿ ಎಡಕ್ಕೆ ತಿರುಗಿದ ಹಾಗೇ ಬಿಗಿದುಕೊಂಡಿತು. ಟೈ ರಾಡ್ ಇತ್ತಲ್ಲ, ಬಲ ಚುಕ್ಕಾಣಿಯೂ ಅದರ ಜೊತೆ ನಿಂತಿತು. ಒಂದು ಹಾಳಾದರೆ ಇನ್ನೊಂದು ಇದೆ ಅಂತ ನಂಬಿಕೊಂಡಿದ್ದೆವು. ಆ ಹೊತ್ತಿಗೆ ನಮಗೆ ಒಂದೂ ಇರಲಿಲ್ಲ. ಬೋಟು ಸುತ್ತು ಹೊಡೆಯುತ್ತಾ ಅಳಿವೆ ಕಡೆ ಹೋಗುತ್ತಿತ್ತು.

ಕೆಳಗೆ ಇಳಿದು ನೋಡಿದರೆ ಟೈ ರಾಡಿನ ಎರಡೂ ತುದಿಯ ನಟ್ಟಿಗೆ ವೆಲ್ಡಿಂಗ್ ಹೊಡೆದಿದ್ದರು, ಸಡಿಲ ಆಗಬಾರದು ಅಂತ. ಸ್ಪ್ಯಾನರ್ ಹಾಕುವಂತಿಲ್ಲ. ಹ್ಯಾಕ್‌ಸಾ ತಂದೆ. ಬಿಲ್ಜಲ್ಲಿ, ಅಂದರೆ ಒಡಲಿನ ತಳದಲ್ಲಿ, ಮೊಣಕಾಲವರೆಗೆ ನೀರು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕೊಯ್ದೆ. ಮೊದಲ ಬ್ಲೇಡ್ ಅರ್ಧಕ್ಕೇ ಮುರಿಯಿತು. ಎರಡನೆಯದರಲ್ಲಿ ಮುಗಿಸಿದೆ. ಹದಿನೆಂಟು ನಿಮಿಷ ಆಯಿತು ಅಂತ ಆಮೇಲೆ ಮೇಲಿದ್ದವರು ಹೇಳಿದರು. ಅಷ್ಟು ಹೊತ್ತೂ ಬೋಟ್ ಓಡಿಸುವ ನಮ್ಮ ತಾಂಡೇಲರು ಒಂದು ಎಂಜಿನ್ ಮುಂದೆ, ಒಂದು ಹಿಂದೆ ಹಾಕಿ ಬೋಟನ್ನು ನೀರಿನ ಎದುರಿಗೆ ಹಿಡಿದು ನಿಲ್ಲಿಸಿದ್ದರು. ರಾಡ್ ತುಂಡಾದ ತಕ್ಷಣ ಬಲ ಚುಕ್ಕಾಣಿಯ ಶಾಫ್ಟಿಗೆ ಪೈಪ್ ರೆಂಚ್ ಹಾಕಿ ಕೈಯಲ್ಲೇ ತಿರುಗಿಸುತ್ತಾ ಜೆಟ್ಟಿಗೆ ಬಂದೆವು.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ರಾಡಿನ ಒಂದು ತುದಿಯಾದರೂ ಪಿನ್ ಎಳೆದರೆ ಬರುವ ಹಾಗೆ ಇರಲಿ. ಒಂದು ನಿಮಿಷದಲ್ಲಿ, ಕತ್ತಲಲ್ಲಿ, ಯಾವ ಟೂಲೂ ಇಲ್ಲದೆ ಬರಬೇಕು. ಎರಡೂ ಶಾಫ್ಟಿನ ತಲೆ ಚೌಕ ಮಾಡಿಸಿ ಡೆಕ್ಕಿನ ಮೇಲೆ ಸಿಗುವ ಹಾಗೆ ಇಡಿ, ಕೈಯಿಂದ ತಿರುಗಿಸುವ ಉದ್ದನೆ ಹಿಡಿಕೆ ಅದಕ್ಕೆ ಕೂರಬೇಕು. ನೀವು ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವವರು. ಅವರಲ್ಲಿ ಮಕ್ಕಳೂ ಇರುತ್ತಾರೆ.

ಬೆಂಗ್ರೆ ತಾಂಡೇಲ | ಗುರುವಾರ, ಬೆಳಿಗ್ಗೆ 5.30

ಓದಿ ಮೈ ಜುಮ್ ಅಂದಿತು. ನಿಮ್ಮ ತಾಂಡೇಲರಿಗೆ ನನ್ನ ನಮಸ್ಕಾರ ಹೇಳಿ.

ಎಂಜಿನ್ ರೂಮ್ | ಗುರುವಾರ, ಬೆಳಿಗ್ಗೆ 8.20

ಮಾಂಡೋವಿ ದಾರಿ ಅವರು ಬರೆದದ್ದು ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯ. ದೊಡ್ಡ ಹಡಗುಗಳಿಗೂ ಇದೇ ಆಗಿದೆ. ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕ್‌ಗೆ ಅಕ್ಕಪಕ್ಕ ಎರಡು ಚುಕ್ಕಾಣಿ ಇದ್ದವು. 1941ರ ಮೇ 26ರಂದು ವಿಮಾನದಿಂದ ಬಿದ್ದ ಒಂದು ಟಾರ್ಪಿಡೊ ಹಿಂಭಾಗಕ್ಕೆ ಬಡಿದು, ಚುಕ್ಕಾಣಿ 12 ಡಿಗ್ರಿ ಎಡಕ್ಕೆ ಸಿಕ್ಕಿಕೊಂಡಿತು. ಮೂರು ಫ್ಯಾನುಗಳಿಂದ ದಿಕ್ಕು ಹಿಡಿಯಲು ನೋಡಿದರು, ಆಗಲಿಲ್ಲ. ಮರುದಿನ ಮುಳುಗಿತು.

ಬರೀ ಎಣ್ಣೆಯನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ 1978ರ ಮಾರ್ಚ್ 16ರ ಅಮೊಕೊ ಕ್ಯಾಡಿಜ್ ಅನ್ನುವ ತೈಲ ಹಡಗಿನ ಕಥೆ ಇದೆ. ಫ್ರಾನ್ಸಿನ ಬ್ರಿಟನಿ ತೀರದ ಹತ್ತಿರ ಬಿರುಗಾಳಿಯಲ್ಲಿ ಅದರ ಸ್ಟೀರಿಂಗಿನ ಹೈಡ್ರಾಲಿಕ್ ಪೈಪ್ ಕಿತ್ತುಹೋಗಿ ಎಣ್ಣೆ ಎಲ್ಲ ಚೆಲ್ಲಿತು. ಹಿಡಿತ ತಪ್ಪಿದ ಚುಕ್ಕಾಣಿ ಅಲೆಯ ಹೊಡೆತಕ್ಕೆ ಆ ಕಡೆ ಈ ಕಡೆ ಬಡಿದುಕೊಂಡಿತು. ಹಡಗು ಬಂಡೆಗೆ ಹತ್ತಿ 2,20,000 ಟನ್‌ಗೂ ಹೆಚ್ಚು ಕಚ್ಚಾ ತೈಲ ಸಮುದ್ರ ಸೇರಿತು. ಆಮೇಲೆ ಟ್ಯಾಂಕರ್‌ಗಳ ಸ್ಟೀರಿಂಗ್ ನಿಯಮ ಬಿಗಿ ಮಾಡಿದರು. ನಾನು ಹಡಗಿನಲ್ಲಿದ್ದಾಗ ಮಾಡುತ್ತಿದ್ದ ಪರೀಕ್ಷೆ ಹೇಳುತ್ತೇನೆ: ಒಂದು ಬದಿಯ 35 ಡಿಗ್ರಿಯಿಂದ ಇನ್ನೊಂದು ಬದಿಯ 30ಕ್ಕೆ 28 ಸೆಕೆಂಡಿನೊಳಗೆ ಬರಬೇಕು. ನಿಮ್ಮ ಸಣ್ಣ ಬೋಟಿಗೆ ಆ ನಿಯಮ ಇಲ್ಲ. ಆದರೂ ಗಡಿಯಾರ ಹಿಡಿದು ನೋಡಿಕೊಳ್ಳಿ, ಒಳ್ಳೆಯ ಅಭ್ಯಾಸ.

ಹಾಗಾದರೆ ಸಿಲಿಂಡರ್ ಒಂದಾ ಎರಡಾ? ಈಗ ನಾನು ಎರಡು ಅನ್ನುತ್ತೇನೆ. ರಾಡ್ ಇಲ್ಲದೆ ಎರಡು ಸಿಲಿಂಡರ್ ಹಾಕಿದರೆ ಎಣ್ಣೆ ಸಲೀಸು ಇರುವ ಕಡೆ ಹೋಗುತ್ತದೆ ಅಂತ ಮೊದಲು ಬೈದಿದ್ದೆ. ಅಪಾಯದ ಹೊತ್ತಲ್ಲಿ ಅದೇ ಗುಣ ನಮ್ಮನ್ನು ಕಾಯುತ್ತದೆ. ಎಡ ಚುಕ್ಕಾಣಿ ಸಿಕ್ಕಿಕೊಂಡಿದೆ, ಪಿನ್ ಎಳೆದು ರಾಡ್ ಬಿಡಿಸಿದಿರಿ. ಈಗ ಚಕ್ರ ತಿರುಗಿಸಿದರೆ ಎಣ್ಣೆ ಎಲ್ಲ ಬಲ ಸಿಲಿಂಡರಿಗೆ ಹೋಗುತ್ತದೆ, ಬಲ ಚುಕ್ಕಾಣಿ ತಿರುಗುತ್ತದೆ. ವೀಲ್‌ನಿಂದಲೇ ಮನೆಗೆ ಬರಬಹುದು. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ವಾಲ್ವ್ ಇಡಿ, ಒಂದು ಬದಿಯ ಪೈಪ್ ಒಡೆದರೆ ಅದನ್ನು ಮುಚ್ಚಿಬಿಡಬಹುದು.

ಒಂದೇ ತೊಂದರೆ ಚಕ್ರದ ಸುತ್ತು. ಒಂದು ಸಿಲಿಂಡರಿಗೆ 130 ಸಿಸಿ ಎಣ್ಣೆ ಬೇಕು, ಪಂಪ್ ಸುತ್ತಿಗೆ 26 ಸಿಸಿ ಕೊಡುತ್ತದೆ ಅಂದರೆ ಈ ತುದಿಯಿಂದ ಆ ತುದಿಗೆ 5 ಸುತ್ತು. ಎರಡು ಸಿಲಿಂಡರ್ ಆದರೆ 10 ಸುತ್ತು. ಜೆಟ್ಟಿಯಲ್ಲಿ ಕೈ ಸೋಲುತ್ತದೆ. 40 ಸಿಸಿ ಪಂಪ್ ಹಾಕಿದರೆ ಆರೂವರೆಗೆ ಬರುತ್ತದೆ. ಒತ್ತಡ ಎರಡು ಸಿಲಿಂಡರಿಗೆ ಹಂಚಿಹೋಗುವುದರಿಂದ ಚಕ್ರ ಭಾರ ಆಗುವುದಿಲ್ಲ.

ಶರಾವತಿ ದಡ | ಗುರುವಾರ, ರಾತ್ರಿ 9.00

ಅಣ್ಣ ಮಾಂಡೋವಿ ದಾರಿ ಅವರ ಪೋಸ್ಟನ್ನು ಎರಡು ಸಲ ಓದಿಸಿಕೊಂಡ. ಟ್ಯಾಂಕ್ ಸರಿಸುವುದು ಖಚಿತ. ಅವನಿಗೊಂದು ಉಪಾಯ ಹೊಳೆದಿದೆ: ಪೈಪನ್ನು ನಡುವಲ್ಲಿ ಕತ್ತರಿಸಿ ಅಲ್ಲೇ ಒಂದು ಪಿನ್ ಜಾಯಿಂಟ್ ಇಟ್ಟರೆ ಹೇಗೆ? ಡೆಕ್ಕಿನ ನಡುವೆ ಮುಚ್ಚಳ ಇದೆ, ಕೈ ಹಾಕಲು ಸುಲಭ.

ಸೇತುವೆ ಕೆಲಸ | ಗುರುವಾರ, ರಾತ್ರಿ 9.25

ಬೇಡ, ದಯವಿಟ್ಟು ಬೇಡ. ನಡುವೆ ಪಿನ್ ಇಟ್ಟರೆ ಅದು ಬಾಗಿಲಿನ ಕೀಲು ಆಗುತ್ತದೆ. ಎಳೆಯುವಾಗ ನೇರ ನಿಲ್ಲುತ್ತದೆ, ತಳ್ಳಿದ ಕೂಡಲೇ ಮೊಣಕಾಲಿನ ಹಾಗೆ ಮಡಚುತ್ತದೆ. ಪಿನ್ ತೋಳಿನ ತುದಿಯಲ್ಲೇ ಇರಲಿ.

ಕುಮಟಾ ಲೇತ್ | ಶುಕ್ರವಾರ, ಬೆಳಿಗ್ಗೆ 9.40

ಹೀಗೆ ಮಾಡೋಣ. ಎಡ ತುದಿಗೆ ಲಾರಿಯ ಟೈ ರಾಡ್ ಎಂಡ್. ಅದರ ಕಾಲು ಟೇಪರ್ ಇರುತ್ತದೆ, ತೋಳಿನ ತೂತಿಗೂ ಅದೇ ಟೇಪರ್ ರೀಮರ್ ಹಾಕಿಸಲೇಬೇಕು. ನೇರ ಡ್ರಿಲ್ ಹೊಡೆದು ಕೂರಿಸಿದರೆ ವಾರದಲ್ಲಿ ಅಲುಗಾಡುತ್ತದೆ. ಕ್ಯಾಸಲ್ ನಟ್, ಸ್ಪ್ಲಿಟ್ ಪಿನ್. ಬಲ ತುದಿಗೆ ಕಣ್ಣು ಇರುವ ಬಾಲ್ ಎಂಡ್, ಅದು ತೋಳಿಗೆ ಹಾಕಿದ ಕವೆಯೊಳಗೆ ಕೂರಲಿ, ಮೇಲಿನಿಂದ 16 ಮಿಲಿಮೀಟರ್ ಪಿನ್, ಪಿನ್ನಿಗೆ ಉಂಗುರ, ಕೆಳಗೆ ಕ್ಲಿಪ್. ಪಿನ್ನನ್ನು ಸಣ್ಣ ಚೈನಿನಲ್ಲಿ ಕಟ್ಟಿಡಿ, ಬಿಲ್ಜಿಗೆ ಬಿದ್ದರೆ ಕತ್ತಲಲ್ಲಿ ಸಿಗುವುದಿಲ್ಲ. ಕವೆ ನಾನೇ ಮಾಡಿಕೊಡುತ್ತೇನೆ. ಕುಮಟಾ ಹತ್ತಿರ ತಾನೇ, ಒಂದು ದಿನ ಬನ್ನಿ.

ಮಾಂಡೋವಿ ದಾರಿ | ಶುಕ್ರವಾರ, ಮಧ್ಯಾಹ್ನ 1.15

ಬಿಡಿಸಿದ ರಾಡ್ ಸುಮ್ಮನೆ ನೇತಾಡಬಾರದು, ಎಣ್ಣೆ ಪೈಪಿಗೆ ಬಡಿಯುತ್ತದೆ. ಬಲ್ಕ್‌ಹೆಡ್‌ಗೆ (ಒಡಲೊಳಗಿನ ಅಡ್ಡಗೋಡೆಗೆ) ಒಂದು ಕೊಕ್ಕೆ ಹಾಕಿ, ಎತ್ತಿ ಸಿಕ್ಕಿಸಿಡುವ ಹಾಗೆ.

ಶರಾವತಿ ದಡ | ಏಳು ವಾರಗಳ ನಂತರ, ಭಾನುವಾರ, ಸಂಜೆ 6.30

ಎಲ್ಲರಿಗೂ ಮತ್ತೆ ನಮಸ್ಕಾರ. ಬೋಟು ನೀರಿಗಿಳಿಯಿತು. ಇವತ್ತು ಬೆಳಿಗ್ಗೆ ಭರತದ ಹೊತ್ತಿಗೆ ಮೊದಲ ಓಡಾಟ ಮಾಡಿದೆವು.

ಎಲ್ಲ ಇಲ್ಲಿ ಹೇಳಿದ ಹಾಗೇ ಮಾಡಿಸಿದ್ದೇವೆ. ಒಂದಿಂಚಿನ ಪೈಪ್, ತೋಳು 15 ಡಿಗ್ರಿ ಒಳಕ್ಕೆ, ಎರಡು ಸಿಲಿಂಡರ್, 40 ಸಿಸಿ ಪಂಪ್. ಕುಮಟಾದ ಲೇತಿನಲ್ಲಿ ಕೂತು ಕವೆ ಮಾಡಿಸಿಕೊಂಡು ಬಂದೆವು. ದುಡ್ಡು ತೆಗೆದುಕೊಳ್ಳಲು ಅವರು ಒಪ್ಪಲೇ ಇಲ್ಲ, ಊಟ ಹಾಕಿ ಕಳಿಸಿದರು.

ನೀರಿಗೆ ಹಾಕುವ ಮೊದಲು ಟೇಪ್ ಹಿಡಿದೆವು. ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 22 ಮಿಲಿಮೀಟರ್ ವ್ಯತ್ಯಾಸ ಇತ್ತು. ಅಣ್ಣ ಪೈಪ್ ರೆಂಚಿನಲ್ಲಿ ತಿರುಗಿಸುತ್ತಾ ಹೋದ, ನಾನು ಕೆಳಗೆ ಕೂತು ಅಳತೆ ಕೂಗುತ್ತಾ ಹೋದೆ. 2 ಮಿಲಿಮೀಟರಿಗೆ ತಂದು ಚೆಕ್ ನಟ್ ಬಿಗಿದೆವು. 8 ನಾಟ್‌ನಲ್ಲಿ ನಡುಕ ಇಲ್ಲ, ಶಬ್ದ ಇಲ್ಲ. ತುದಿಯಿಂದ ತುದಿಗೆ ಆರೂವರೆ ಸುತ್ತು, 11 ಸೆಕೆಂಡ್.

ಆಮೇಲೆ ಹೊಳೆ ಅಗಲ ಇರುವ ಕಡೆ, ನೀರು ನಿಂತ ಹೊತ್ತಲ್ಲಿ, ಎಡ ಚುಕ್ಕಾಣಿ ಸಿಕ್ಕಿಕೊಂಡಿದೆ ಅಂತಲೇ ಪರೀಕ್ಷೆ ಮಾಡಿದೆವು. ಎಡ ತೋಳನ್ನು 10 ಡಿಗ್ರಿಯಲ್ಲಿ ಹಗ್ಗದಿಂದ ಬಿಗಿದು ಕಟ್ಟಿದೆ. ಅಣ್ಣನಿಗೆ ಕಣ್ಣಿಗೆ ಬಟ್ಟೆ ಕಟ್ಟಿ ಮುಚ್ಚಳದ ಹತ್ತಿರ ಕೂರಿಸಿದೆ. ಮೊದಲ ಸಲ ಪಿನ್ ಬರಲಿಲ್ಲ. ತೋಳಿಗೆ ಒತ್ತಡ ಇತ್ತು, ಪಿನ್ ಕಚ್ಚಿಕೊಂಡಿತ್ತು. ಎಂಜಿನ್ ಎರಡೂ ನ್ಯೂಟ್ರಲ್‌ಗೆ ತಂದು, ಚಕ್ರ ಸ್ವಲ್ಪ ಆ ಕಡೆ ಈ ಕಡೆ ಆಡಿಸಿದ ಮೇಲೆ ಸರ್ರನೆ ಬಂತು. 50 ಸೆಕೆಂಡ್ ಆಯಿತು. ರಾಡನ್ನು ಕೊಕ್ಕೆಗೆ ಸಿಕ್ಕಿಸಿ, ಬಲ ಚುಕ್ಕಾಣಿ ಒಂದರಲ್ಲೇ ಜೆಟ್ಟಿಗೆ ತಂದೆ. ಬೋಟು ಎಡಕ್ಕೆ ಎಳೆಯುತ್ತಿತ್ತು, ಬಲಕ್ಕೆ ಸ್ವಲ್ಪ ಜಾಸ್ತಿ ಹಿಡಿಯಬೇಕಾಯಿತು. ಆದರೆ ಬಂತು.

ಅಪ್ಪ ಜೆಟ್ಟಿಯಲ್ಲಿ ನಿಂತಿದ್ದರು. ಹತ್ತಿ ಬಂದು ಮುಚ್ಚಳ ತೆಗೆದು ರಾಡನ್ನು ಕೈಯಿಂದ ಎರಡು ಸಲ ಅಲ್ಲಾಡಿಸಿ ನೋಡಿದರು. ಗ್ರೀಸ್ ಗನ್ ಎಲ್ಲಿಟ್ಟಿದ್ದೀರಿ ಅಂತ ಕೇಳಿದರು.

ಬೆಂಗ್ರೆ ತಾಂಡೇಲ | ಭಾನುವಾರ, ಸಂಜೆ 7.05

ಪಿನ್ ಕಚ್ಚಿಕೊಂಡದ್ದನ್ನು ಒಂದು ಹಲಗೆಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ: ಮೊದಲು ನ್ಯೂಟ್ರಲ್, ಆಮೇಲೆ ಪಿನ್. ನಾಳೆ ಬೇರೆ ಹುಡುಗ ಡ್ಯೂಟಿಯಲ್ಲಿ ಇರಬಹುದು.

ಶರಾವತಿ ದಡ | ಭಾನುವಾರ, ಸಂಜೆ 7.20

ಈಗಲೇ ಬರೆಯುತ್ತೇನೆ.